ಹಳೇ ಕಂಪ್ಯೂಟರಿನಲ್ಲಿ ವಿಂಡೋಸ್ ಜೊತೆಗೇ ಲಿನಕ್ಸ್ ಮಿಂಟ್ ಹಾಕುವುದು ಹೇಗೆ?

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಆಮೇಲಿಂದ ಓದುಗರು ಕೇಳುತ್ತಿರುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ. ಲ್ಯಾಪ್‌ಟಾಪ್ ಹಳೆಯದು, ವಿಂಡೋಸ್ 11 ಹಾಕಲು ಬರುವುದಿಲ್ಲ (ಅದಕ್ಕೆ ಇಂಟೆಲ್ ಆದರೆ 8ನೇ ತಲೆಮಾರಿನ ಪ್ರೊಸೆಸರ್, ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು), ಲಿನಕ್ಸ್ (ವಿಂಡೋಸ್ ಹಾಗೆಯೇ ಕಂಪ್ಯೂಟರ್ ನಡೆಸುವ, ಉಚಿತವಾಗಿ ಸಿಗುವ ಇನ್ನೊಂದು ವ್ಯವಸ್ಥೆ) ಹಾಕು ಅಂತ ಗೆಳೆಯರು ಹೇಳುತ್ತಾರೆ, ಆದರೆ ಟ್ಯಾಲಿ ಬೇಕು, ನುಡಿ ತಂತ್ರಾಂಶದಲ್ಲಿ ಮಾಡಿದ ಹಳೇ ಫೈಲುಗಳಿವೆ, ಏನು ಮಾಡಲಿ?

ಎರಡನ್ನೂ ಇಟ್ಟುಕೊಳ್ಳಿ. ಇದಕ್ಕೆ ಡ್ಯುಯಲ್ ಬೂಟ್ ಅನ್ನುತ್ತಾರೆ. ಕಂಪ್ಯೂಟರ್ ಆನ್ ಮಾಡಿದಾಗ ಒಂದು ಪಟ್ಟಿ ಬರುತ್ತದೆ, ವಿಂಡೋಸ್ ಬೇಕೋ ಲಿನಕ್ಸ್ ಬೇಕೋ ಆರಿಸುತ್ತೀರಿ. ಎರಡೂ ಒಟ್ಟಿಗೆ ಓಡುವುದಿಲ್ಲ, ಒಂದರಿಂದ ಇನ್ನೊಂದಕ್ಕೆ ಹೋಗಬೇಕಾದರೆ ರೀಸ್ಟಾರ್ಟ್ ಮಾಡಲೇಬೇಕು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಲಿನಕ್ಸ್ ಇನ್‌ಸ್ಟಾಲ್ ಆಗುವುದು ಅರ್ಧ ಗಂಟೆಯ ಕೆಲಸ. ಕೆಡುವುದು ಅಲ್ಲಿ ಅಲ್ಲ. ಅದಕ್ಕೂ ಮುಂಚೆ ವಿಂಡೋಸ್ ಒಳಗೇ ಮಾಡಬೇಕಾದ ತಯಾರಿಯನ್ನು ಬಿಟ್ಟು, ನೇರವಾಗಿ ಪೆನ್‌ಡ್ರೈವ್ ಚುಚ್ಚುವವರದ್ದೇ ಕೆಡುವುದು. ಹಾಗಾಗಿ ಈ ಬರಹದ ಅರ್ಧಕ್ಕೂ ಜಾಸ್ತಿ ಆ ತಯಾರಿಯ ಬಗ್ಗೆಯೇ ಇದೆ. ಬೋರ್ ಆದರೂ ಹಾರಿಸಬೇಡಿ.

ಏನೇನು ಬೇಕು?

ನಾನು ಇಲ್ಲಿ ಮನಸ್ಸಿನಲ್ಲಿ ಇಟ್ಟುಕೊಂಡಿರುವುದು 2013ರಿಂದ 2017ರ ನಡುವಿನ, 4 ಜಿಬಿ ರ‍್ಯಾಮ್ ಇರುವ, ವಿಂಡೋಸ್ 10 ಓಡುತ್ತಿರುವ ಲ್ಯಾಪ್‌ಟಾಪ್ ಅಥವಾ ಡೆಸ್ಕ್‌ಟಾಪ್. ಲಿನಕ್ಸ್‌ನಲ್ಲಿ ನೂರೆಂಟು ಬಗೆಗಳಿವೆ. ಹೊಸಬರಿಗೆ ನನ್ನ ಸಲಹೆ ಲಿನಕ್ಸ್ ಮಿಂಟ್, ಅದರಲ್ಲೂ ಎಕ್ಸ್‌ಎಫ್‌ಸಿಇ ಆವೃತ್ತಿ. ಇದು ಮಿಂಟ್‌ನ ಮೂರು ರೂಪಗಳಲ್ಲಿ ಹಗುರವಾದದ್ದು. ನೋಡಲು ಸಿನಮನ್ ಆವೃತ್ತಿ ಚೆಂದ, ನಿಜ, ಆದರೆ 4 ಜಿಬಿಯಲ್ಲಿ ಬ್ರೌಸರ್ ತೆರೆದ ಮೇಲೆ ಚೆಂದ ನೋಡುತ್ತಾ ಕೂರಲು ಆಗುವುದಿಲ್ಲ. ಮಿಂಟ್ 22 ಸರಣಿಗೆ 2029ರವರೆಗೆ ಅಪ್‌ಡೇಟ್ ಸಿಗುತ್ತದೆ.

ಪ್ರೊಸೆಸರ್ 64 ಬಿಟ್ ಆಗಿರಬೇಕು. ಸೆಟ್ಟಿಂಗ್ಸ್, ಸಿಸ್ಟಮ್, ಅಬೌಟ್ ಎಂದು ಹೋಗಿ 'ಸಿಸ್ಟಮ್ ಟೈಪ್' ನೋಡಿ. 'ಎಕ್ಸ್64 ಬೇಸ್ಡ್ ಪ್ರೊಸೆಸರ್' ಎಂದಿದ್ದರೆ ಸಾಕು, ವಿಂಡೋಸ್ 32 ಬಿಟ್‌ದೇ ಆಗಿದ್ದರೂ ಪರವಾಗಿಲ್ಲ.

ಇನ್ನು 8 ಜಿಬಿ ಅಥವಾ ದೊಡ್ಡ ಪೆನ್‌ಡ್ರೈವ್ ಒಂದು, ಡಿಸ್ಕ್‌ನಲ್ಲಿ ಕನಿಷ್ಠ 40-50 ಜಿಬಿ ಜಾಗ (20ಕ್ಕೂ ಆಗುತ್ತದೆ, ಆದರೆ ಬೇಗ ತುಂಬುತ್ತದೆ), ಬ್ಯಾಕಪ್‌ಗೆ ಬೇರೆ ಹಾರ್ಡ್ ಡಿಸ್ಕ್, ಮತ್ತು ನಡುವೆ ಹೋಗದ ಕರೆಂಟು. ಕೊನೆಯದನ್ನು ತಮಾಷೆಗೆ ಹೇಳುತ್ತಿಲ್ಲ. ಹಳೇ ಲ್ಯಾಪ್‌ಟಾಪಿನ ಬ್ಯಾಟರಿ ಸತ್ತಿರುತ್ತದೆ, ಪಾರ್ಟಿಷನ್ (ಡಿಸ್ಕ್ ಪಾಲು ಮಾಡಿದಾಗ ಸಿಗುವ ಒಂದು ಭಾಗ) ಕುಗ್ಗಿಸುವ ಹೊತ್ತಿಗೆ ಕರೆಂಟು ಹೋದರೆ ಫೈಲುಗಳು ಹೋಗಬಹುದು. ಯುಪಿಎಸ್ ಅಥವಾ ಇನ್ವರ್ಟರ್ ಇರುವ ಕಡೆ ಕೂತು ಮಾಡಿ.

ಡಿಸ್ಕ್‌ನ ಆರೋಗ್ಯವನ್ನೂ ನೋಡಿಕೊಳ್ಳಿ. ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ಉಚಿತ ತಂತ್ರಾಂಶ ಹಾಕಿದರೆ 'ಗುಡ್', 'ಕಾಷನ್' ಅಥವಾ 'ಬ್ಯಾಡ್' ಎಂದು ತೋರಿಸುತ್ತದೆ. 'ಗುಡ್' ಬಿಟ್ಟು ಬೇರೆ ಏನೇ ಬಂದರೂ ಇಲ್ಲಿಗೇ ನಿಲ್ಲಿಸಿ, ಡೇಟಾ ಉಳಿಸಿಕೊಂಡು ಡಿಸ್ಕ್ ಬದಲಾಯಿಸುವ ಯೋಚನೆ ಮಾಡಿ. ಹಾಗೆ ನೋಡಿದರೆ ಹಳೇ ಯಂತ್ರಕ್ಕೆ ಸಾಟಾ ಎಸ್‌ಎಸ್‌ಡಿ (ಹಾರ್ಡ್ ಡಿಸ್ಕ್‌ಗಿಂತ ಬಹಳ ವೇಗದ ಡಿಸ್ಕ್) ಹಾಕಿಸುವುದು ಯಾವ ಲಿನಕ್ಸ್‌ಗಿಂತಲೂ ದೊಡ್ಡ ಉಪಕಾರ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಡಿವಿಡಿ ಡ್ರೈವ್ ಇದ್ದರೆ ಅದನ್ನು ತೆಗೆದು, ಆ ಜಾಗಕ್ಕೆ 'ಕ್ಯಾಡಿ' ಎಂಬ ಚೌಕಟ್ಟಿನಲ್ಲಿ ಹಳೇ ಹಾರ್ಡ್ ಡಿಸ್ಕ್ ಕೂರಿಸಿ, ಒಳಗೆ ಎಸ್‌ಎಸ್‌ಡಿ ಹಾಕಿಸಬಹುದು. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಕ್ಯಾಡಿ ಸಿಗುತ್ತದೆ, ಆನ್‌ಲೈನ್‌ನಲ್ಲೂ ಸಿಗುತ್ತದೆ. ಆದರೆ 9.5 ಮಿ.ಮೀ. ಮತ್ತು 12.7 ಮಿ.ಮೀ. ಎಂದು ಎರಡು ದಪ್ಪದಲ್ಲಿ ಬರುತ್ತದೆ, ಅಳೆದೇ ಕೊಳ್ಳಿ. ಆಗ ಮಿಂಟ್‌ಗೆ ಪೂರ್ತಿ ಬೇರೆ ಡಿಸ್ಕೇ ಸಿಕ್ಕಂತಾಯಿತು, ಕೆಳಗಿನ 4ನೇ ಹಂತ ನಿಮಗೆ ಬೇಕಾಗುವುದಿಲ್ಲ.

1. ಬ್ಯಾಕಪ್

ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಫೋಟೋ, ಟ್ಯಾಲಿ ಡೇಟಾ ಫೋಲ್ಡರ್, ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡುಗಳು, ಎಲ್ಲವನ್ನೂ ಹೊರಗಿನ ಡಿಸ್ಕ್‌ಗೆ ಹಾಕಿ. ಅದೇ ಕಂಪ್ಯೂಟರಿನ ಡಿ ಡ್ರೈವ್‌ಗೆ ಕಾಪಿ ಮಾಡಿದರೆ ಅದು ಬ್ಯಾಕಪ್ ಅಲ್ಲ, ಡಿಸ್ಕ್ ಒಂದೇ ಅಲ್ವಾ.

2. ವಿಂಡೋಸ್ ಯಾವ ರೀತಿಯಲ್ಲಿ ಬೂಟ್ ಆಗುತ್ತಿದೆ ನೋಡಿ

ಸ್ಟಾರ್ಟ್ ಮೆನುವಿನಲ್ಲಿ 'ಸಿಸ್ಟಮ್ ಇನ್ಫರ್ಮೇಷನ್' ಹುಡುಕಿ ತೆರೆಯಿರಿ. ಅಲ್ಲಿ 'ಬಯೋಸ್ ಮೋಡ್' ಎಂಬ ಸಾಲಿನ ಮುಂದೆ 'ಯುಇಎಫ್‌ಐ' ಅಥವಾ 'ಲೆಗಸಿ' ಎಂದಿರುತ್ತದೆ. ಕಂಪ್ಯೂಟರ್ ಆನ್ ಆದ ತಕ್ಷಣ, ವಿಂಡೋಸ್‌ಗೂ ಮುಂಚೆ ಓಡುವ ಚಿಕ್ಕ ತಂತ್ರಾಂಶದ (ರೂಢಿಯಲ್ಲಿ ಬಯೋಸ್) ಹಳೇ ಮತ್ತು ಹೊಸ ಪದ್ಧತಿಗಳು ಇವು. ಲೆಗಸಿ ಹಳೆಯದು, ಯುಇಎಫ್‌ಐ ಹೊಸದು. ಯಾವುದಿದೆ ಎಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

ಇದು ಯಾಕೆ ಮುಖ್ಯ ಎಂದರೆ, ವಿಂಡೋಸ್ ಯಾವ ಪದ್ಧತಿಯಲ್ಲಿದೆಯೋ ಲಿನಕ್ಸನ್ನೂ ಅದೇ ಪದ್ಧತಿಯಲ್ಲಿ ಹಾಕಬೇಕು. ಒಂದು ಯುಇಎಫ್‌ಐ ಇನ್ನೊಂದು ಲೆಗಸಿ ಆದರೆ ಆಯ್ಕೆಯ ಪಟ್ಟಿಯಿಂದ ವಿಂಡೋಸ್ ತೆರೆಯುವುದಿಲ್ಲ. 'ಲಿನಕ್ಸ್ ಹಾಕಿದೆ, ವಿಂಡೋಸ್ ಹೋಯಿತು' ಎಂದು ಬರುವ ದೂರುಗಳಲ್ಲಿ ಹಲವು ಇದೇ. ವಿಂಡೋಸ್ ಎಲ್ಲೂ ಹೋಗಿರುವುದಿಲ್ಲ, ಬಾಗಿಲು ಬೇರೆಯಾಗಿರುತ್ತದೆ ಅಷ್ಟೆ.

3. ಫಾಸ್ಟ್ ಸ್ಟಾರ್ಟಪ್ ಮತ್ತು ಬಿಟ್‌ಲಾಕರ್ ಆಫ್ ಮಾಡಿ

ನೀವು ಶಟ್‌ಡೌನ್ ಕೊಟ್ಟರೂ ವಿಂಡೋಸ್ 10 ಪೂರ್ತಿ ಮಲಗುವುದಿಲ್ಲ. ಮುಂದಿನ ಸಲ ಬೇಗ ಏಳಲಿ ಅಂತ ತನ್ನ ಸ್ಥಿತಿಯ ಒಂದು ಭಾಗವನ್ನು ಡಿಸ್ಕ್‌ನಲ್ಲಿ ಬರೆದಿಟ್ಟು, ಡ್ರೈವುಗಳನ್ನು ಅರ್ಧ ತೆರೆದಂತೆಯೇ ಬಿಟ್ಟಿರುತ್ತದೆ. ಇದೇ ಫಾಸ್ಟ್ ಸ್ಟಾರ್ಟಪ್. ಲಿನಕ್ಸ್‌ನಿಂದ ಆ ಡ್ರೈವ್ ತೆರೆದಾಗ ಓದಲು ಬರುತ್ತದೆ, ಬರೆಯಲು ಬರುವುದಿಲ್ಲ. ಒತ್ತಾಯ ಮಾಡಿ ಬರೆದರೆ ಫೈಲುಗಳು ಕೆಡುತ್ತವೆ.

ಆಫ್ ಮಾಡುವುದು ಹೀಗೆ: ಕಂಟ್ರೋಲ್ ಪ್ಯಾನೆಲ್, ಪವರ್ ಆಪ್ಷನ್ಸ್, 'ಚೂಸ್ ವಾಟ್ ದ ಪವರ್ ಬಟನ್ಸ್ ಡೂ'. ಅಲ್ಲಿ ಮೇಲೆ ಕಾಣುವ 'ಚೇಂಜ್ ಸೆಟ್ಟಿಂಗ್ಸ್ ದಟ್ ಆರ್ ಕರೆಂಟ್ಲಿ ಅನ್‌ಅವೈಲಬಲ್' ಒತ್ತಿದ ಮೇಲೆಯೇ ಕೆಳಗಿನ ಚೌಕಗಳು ಒತ್ತಲು ಬರುತ್ತವೆ. ಫಾಸ್ಟ್ ಸ್ಟಾರ್ಟಪ್ ಮುಂದಿನ ಟಿಕ್ ತೆಗೆದು ಸೇವ್ ಮಾಡಿ. ದೊಡ್ಡ ವಿಂಡೋಸ್ ಅಪ್‌ಡೇಟ್ ಏನಾದರೂ ಹಾಕಿದ್ದರೆ ಆಮೇಲೆ ಇದನ್ನು ಇನ್ನೊಮ್ಮೆ ನೋಡಿ, ಕೆಲವು ಸಲ ತಾನೇ ಆನ್ ಆಗಿರುತ್ತದೆ.

ಬಿಟ್‌ಲಾಕರ್ ಎಂದರೆ ಡ್ರೈವ್‌ನಲ್ಲಿರುವುದನ್ನೆಲ್ಲ ಗೂಢಲಿಪಿಗೆ ತಿರುಗಿಸಿ ಬೀಗ ಹಾಕುವ ವ್ಯವಸ್ಥೆ. ಕೆಲವು ಯಂತ್ರಗಳಲ್ಲಿ ಇದು 'ಡಿವೈಸ್ ಎನ್‌ಕ್ರಿಪ್ಷನ್' ಎಂಬ ಹೆಸರಿನಲ್ಲಿ ನಿಮಗೆ ಗೊತ್ತಿಲ್ಲದಂತೆಯೇ ಆನ್ ಆಗಿರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಹುಡುಕಿ, ಇದ್ದರೆ ಆಫ್ ಮಾಡಿ, ಪೂರ್ತಿ ಬಿಚ್ಚುವವರೆಗೆ ಕಾಯಿರಿ. ಹಾರ್ಡ್ ಡಿಸ್ಕ್ ಆದರೆ ಗಂಟೆಗಟ್ಟಲೆ ಹಿಡಿಯಬಹುದು. ಆಫ್ ಮಾಡಲು ಇಷ್ಟವಿಲ್ಲ ಎಂದರೆ 48 ಅಂಕಿಗಳ ರಿಕವರಿ ಕೀಯನ್ನು ಕಾಗದದಲ್ಲಿ ಬರೆದುಕೊಳ್ಳದೆ ಮುಂದಕ್ಕೆ ಹೋಗಲೇಬೇಡಿ.

4. ಜಾಗ ಮಾಡಿಕೊಡಿ

ನಮ್ಮಲ್ಲಿ ಅಂಗಡಿಯವರು ಕಂಪ್ಯೂಟರ್ ಕೊಡುವಾಗಲೇ ಸಿ, ಡಿ, ಇ ಎಂದು ಡ್ರೈವ್ ಪಾಲು ಮಾಡಿ ಕೊಡುವುದು ರೂಢಿ. ಇದು ನಿಮಗೆ ಅನುಕೂಲವೇ. ಇ ಡ್ರೈವ್‌ನಲ್ಲಿರುವುದನ್ನು ಡಿಗೆ ಸಾಗಿಸಿ, ಖಾಲಿಯಾಗಿದೆ ಎಂದು ಎರಡು ಸಲ ನೋಡಿ. ಆಮೇಲೆ ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ 'ಡಿಸ್ಕ್ ಮ್ಯಾನೇಜ್‌ಮೆಂಟ್' ತೆರೆದು ಇ ಮೇಲೆ 'ಡಿಲೀಟ್ ವಾಲ್ಯೂಮ್' ಕೊಡಿ. ಕಪ್ಪು ಪಟ್ಟಿಯ 'ಅನ್‌ಅಲೊಕೇಟೆಡ್' ಅಥವಾ ಹಸಿರು ಚೌಕಟ್ಟಿನೊಳಗೆ 'ಫ್ರೀ ಸ್ಪೇಸ್' ಎಂದು ಕಾಣುತ್ತದೆ. ಎರಡರಲ್ಲೂ ಲಿನಕ್ಸ್ ಕೂರುತ್ತದೆ.

ಬೇರೆ ಡ್ರೈವ್ ಇಲ್ಲದವರು ಅದೇ ಜಾಗದಲ್ಲಿ ಸಿ ಮೇಲೆ ರೈಟ್ ಕ್ಲಿಕ್ ಮಾಡಿ 'ಶ್ರಿಂಕ್ ವಾಲ್ಯೂಮ್' ಒತ್ತಿ. ಎಷ್ಟು ಕಡಿಮೆ ಮಾಡಬೇಕು ಎಂಬುದನ್ನು ಎಂಬಿಯಲ್ಲಿ ಕೇಳುತ್ತದೆ: 50 ಜಿಬಿಗೆ 51200. ಡ್ರೈವ್‌ನಲ್ಲಿ 200 ಜಿಬಿ ಖಾಲಿ ಇದ್ದರೂ 'ಇಷ್ಟೇ ಕುಗ್ಗಿಸಬಹುದು' ಎಂದು ಸಣ್ಣ ಸಂಖ್ಯೆ ತೋರಿಸಿದರೆ ಗಾಬರಿ ಬೇಡ. ಅಲುಗಾಡಿಸಲು ಬಾರದ ಫೈಲು ಯಾವುದೋ ನಡುವೆ ಕೂತಿರುತ್ತದೆ. ಸಾಮಾನ್ಯವಾಗಿ ಅದು ಪೇಜ್ ಫೈಲ್ (ರ‍್ಯಾಮ್ ಸಾಲದಾದಾಗ ವಿಂಡೋಸ್ ಬಳಸುವ ಡಿಸ್ಕ್‌ನ ಜಾಗ), ಹೈಬರ್ನೇಷನ್ ಫೈಲ್ ಅಥವಾ ಸಿಸ್ಟಮ್ ರಿಸ್ಟೋರ್‌ನ ಪ್ರತಿಗಳು. ಮೂರನ್ನೂ ತಾತ್ಕಾಲಿಕವಾಗಿ ಆಫ್ ಮಾಡಿ, ರೀಸ್ಟಾರ್ಟ್ ಮಾಡಿ, ಕುಗ್ಗಿಸಿ, ಆಮೇಲೆ ಪೇಜ್ ಫೈಲ್ ಮತ್ತೆ ಆನ್ ಮಾಡಿ.

ಇಲ್ಲಿ ಎಡವಿ ಬೀಳುವ ಜಾಗಗಳು ಎರಡಿವೆ. ಒಂದು, ಸಿಕ್ಕ ಜಾಗದಲ್ಲಿ ವಿಂಡೋಸ್‌ನಿಂದಲೇ ಹೊಸ ಡ್ರೈವ್ ಮಾಡಲು ಹೋಗಬೇಡಿ. ಖಾಲಿ ಬಿಡಿ. ಎರಡು, ಲೆಗಸಿ ಯಂತ್ರಗಳ ಡಿಸ್ಕ್ ಬಹುತೇಕ 'ಎಂಬಿಆರ್' ಮಾದರಿಯದು. ಅದರಲ್ಲಿ ನಾಲ್ಕು ಪ್ರೈಮರಿ ಪಾರ್ಟಿಷನ್‌ಗಿಂತ ಹೆಚ್ಚು ಇರುವಂತಿಲ್ಲ. ಕಂಪನಿಯವರು ಹಾಕಿದ ಸಿಸ್ಟಮ್ ರಿಸರ್ವ್ಡ್, ಸಿ, ಡಿ, ರಿಕವರಿ ಎಂದು ನಾಲ್ಕೂ ತುಂಬಿದ್ದರೆ ನೀವು ಎಷ್ಟು ಜಾಗ ಖಾಲಿ ಮಾಡಿದರೂ ಲಿನಕ್ಸ್ ಇನ್‌ಸ್ಟಾಲರ್ ಅದನ್ನು 'ಅನ್‌ಯೂಸಬಲ್' ಅನ್ನುತ್ತದೆ. ಆಗ ಡಿಯಲ್ಲಿರುವುದನ್ನು ಹೊರಗೆ ಸಾಗಿಸಿ ಆ ಪಾರ್ಟಿಷನ್ನನ್ನೇ ಅಳಿಸುವುದು ಸುಲಭದ ದಾರಿ. ನಡುವೆ ಎಲ್ಲಾದರೂ 'ಡೈನಾಮಿಕ್ ಡಿಸ್ಕ್‌ಗೆ ಬದಲಾಯಿಸಲೇ' ಎಂದು ವಿಂಡೋಸ್ ಕೇಳಿದರೆ 'ನೋ' ಒತ್ತಿ. 'ಯೆಸ್' ಒತ್ತಿದರೆ ವಾಪಸ್ ಬರುವುದು ದೊಡ್ಡ ತಲೆನೋವು.

5. ಪೆನ್‌ಡ್ರೈವ್ ತಯಾರಿ

ಮಿಂಟ್‌ನ ಅಧಿಕೃತ ತಾಣದಿಂದ ಎಕ್ಸ್‌ಎಫ್‌ಸಿಇ ಆವೃತ್ತಿಯ ಐಎಸ್‌ಒ ಫೈಲ್ ಇಳಿಸಿಕೊಳ್ಳಿ, ಸುಮಾರು 3 ಜಿಬಿ. ಐಎಸ್‌ಒ ಎಂದರೆ ಇಡೀ ಡಿವಿಡಿಯನ್ನು ಒಂದೇ ಫೈಲಾಗಿ ಕಟ್ಟಿದ್ದು. ಇದನ್ನು ಪೆನ್‌ಡ್ರೈವ್‌ಗೆ ಸುಮ್ನೆ ಕಾಪಿ ಪೇಸ್ಟ್ ಮಾಡಿದರೆ ಬೂಟ್ ಆಗುವುದಿಲ್ಲ. ರೂಫಸ್ ಎಂಬ ಉಚಿತ ತಂತ್ರಾಂಶ ಬೇಕು.

ರೂಫಸ್ ತೆರೆದು ಪೆನ್‌ಡ್ರೈವ್ ಆರಿಸಿ, ಐಎಸ್‌ಒ ಆರಿಸಿ. ಪಕ್ಕದಲ್ಲಿರುವ ಟಿಕ್ ಗುರುತಿನ ಬಟನ್ ಒತ್ತಿದರೆ ಫೈಲಿನ ಚೆಕ್‌ಸಮ್ ಬರುತ್ತದೆ. ಅದು ಫೈಲಿನ ಬೆರಳಚ್ಚು. ಮಿಂಟ್ ತಾಣದಲ್ಲಿ ಕೊಟ್ಟಿರುವ 'ಎಸ್‌ಎಚ್‌ಎ256' ಸಾಲಿಗೆ ಹೋಲಿಸಿ. ಹಳ್ಳಿ ಕಡೆಯ ನೆಟ್‌ವರ್ಕ್‌ನಲ್ಲಿ ಡೌನ್‌ಲೋಡ್ ನಡುವೆ ಕಡಿದು ಫೈಲ್ ಕೆಟ್ಟಿರುವುದು ಅಪರೂಪವೇನಲ್ಲ, ಇನ್‌ಸ್ಟಾಲ್ ಅರ್ಧದಲ್ಲಿ ನಿಂತ ಮೇಲೆ ಗೊತ್ತಾಗುವುದಕ್ಕಿಂತ ಈಗಲೇ ಗೊತ್ತಾಗಲಿ. ಉಳಿದ ಆಯ್ಕೆಗಳನ್ನು ಮುಟ್ಟಬೇಡಿ, 'ಸ್ಟಾರ್ಟ್' ಒತ್ತಿ, 'ಐಎಸ್‌ಒ ಮೋಡ್' ಕೇಳಿದರೆ ಅದನ್ನೇ ಒಪ್ಪಿಕೊಳ್ಳಿ. ಪೆನ್‌ಡ್ರೈವ್‌ನಲ್ಲಿ ಇದ್ದದ್ದೆಲ್ಲ ಅಳಿಸಿಹೋಗುತ್ತದೆ.

6. ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಮೊದಲು ಓಡಿಸಿ ನೋಡಿ

ಕಂಪ್ಯೂಟರ್ ಆನ್ ಮಾಡಿದ ತಕ್ಷಣ ಬೂಟ್ ಮೆನು ಕೀ ಒತ್ತುತ್ತಾ ಇರಿ. ಡೆಲ್, ಲೆನೊವೊದಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಏಸೂಸ್ ಲ್ಯಾಪ್‌ಟಾಪಿನಲ್ಲಿ ಎಸ್ಕೇಪ್. ಏಸರ್‌ನಲ್ಲೂ ಎಫ್12, ಆದರೆ ಹಲವು ಮಾದರಿಗಳಲ್ಲಿ ಮೊದಲು ಎಫ್2 ಒತ್ತಿ ಬಯೋಸ್ ಒಳಗೆ ಹೋಗಿ 'ಎಫ್12 ಬೂಟ್ ಮೆನು' ಎನೇಬಲ್ ಮಾಡಬೇಕು.

ಪಟ್ಟಿಯಲ್ಲಿ ಒಂದೇ ಪೆನ್‌ಡ್ರೈವ್ ಎರಡು ಸಲ ಕಾಣಬಹುದು, ಒಂದರ ಹಿಂದೆ 'ಯುಇಎಫ್‌ಐ' ಎಂದಿರುತ್ತದೆ, ಇನ್ನೊಂದರ ಹಿಂದೆ ಇರುವುದಿಲ್ಲ. 2ನೇ ಹಂತದಲ್ಲಿ ಬರೆದ ಚೀಟಿ ಈಗ ಬೇಕು. ಅದರಲ್ಲಿ ಇದ್ದದ್ದನ್ನೇ ಆರಿಸಿ.

ಮಿಂಟ್ ಪೆನ್‌ಡ್ರೈವ್‌ನಿಂದಲೇ ತೆರೆದುಕೊಳ್ಳುತ್ತದೆ. ಡಿಸ್ಕ್‌ನಲ್ಲಿ ಇನ್ನೂ ಏನೂ ಬದಲಾಗಿಲ್ಲ. ವೈಫೈ, ಶಬ್ದ, ಟಚ್‌ಪ್ಯಾಡ್, ಪರದೆಯ ಬೆಳಕು ಎಲ್ಲ ಕೆಲಸ ಮಾಡುತ್ತಿದೆಯೇ ನೋಡಿ. ವೈಫೈ ಮಾತ್ರ ಇಲ್ಲದಿದ್ದರೆ ಅದು ಹಳೇ ಬ್ರಾಡ್‌ಕಾಮ್ ಚಿಪ್ ಇರಬಹುದು. ಮೊಬೈಲನ್ನು ಯುಎಸ್‌ಬಿ ಕೇಬಲ್‌ನಲ್ಲಿ ಜೋಡಿಸಿ 'ಯುಎಸ್‌ಬಿ ಟೆದರಿಂಗ್' ಆನ್ ಮಾಡಿದರೆ ಇಂಟರ್ನೆಟ್ ಸಿಗುತ್ತದೆ, ಡ್ರೈವರ್ ಆಮೇಲೆ ಹಾಕಿಕೊಳ್ಳಬಹುದು.

7. ಇನ್‌ಸ್ಟಾಲ್

ಡೆಸ್ಕ್‌ಟಾಪ್ ಮೇಲಿನ 'ಇನ್‌ಸ್ಟಾಲ್ ಲಿನಕ್ಸ್ ಮಿಂಟ್' ತೆರೆಯಿರಿ. ಭಾಷೆ ಸದ್ಯಕ್ಕೆ ಇಂಗ್ಲಿಷ್ ಇರಲಿ. ಕನ್ನಡದ ಮೇಲಿನ ಪ್ರೀತಿ ಕಡಿಮೆ ಅಂತಲ್ಲ, ಏನಾದರೂ ಎರರ್ ಬಂದರೆ ಅದೇ ಸಾಲನ್ನು ಹುಡುಕಿ ಪರಿಹಾರ ಪಡೆಯುವುದು ಸುಲಭ. ಕೀಬೋರ್ಡ್ 'ಇಂಗ್ಲಿಷ್ ಯುಎಸ್', ನಮ್ಮ ಅಂಗಡಿಗಳಲ್ಲಿ ಸಿಗುವ ಕೀಬೋರ್ಡು ಅದೇ. ಮಲ್ಟಿಮೀಡಿಯಾ ಕೋಡೆಕ್ (ಹಾಡು, ವಿಡಿಯೋ ಓಡಿಸಲು ಬೇಕಾದದ್ದು) ಹಾಕಲೇ ಎಂದರೆ ಹೂಂ ಅನ್ನಿ. ಸೆಕ್ಯೂರ್ ಬೂಟ್ (ನಂಬಿಕಸ್ತ ತಂತ್ರಾಂಶ ಮಾತ್ರ ಬೂಟ್ ಆಗಲು ಬಿಡುವ ಕಾವಲು) ಆನ್ ಇರುವ ಯಂತ್ರದಲ್ಲಿ ಆಗ ಒಂದು ಪಾಸ್‌ವರ್ಡ್ ಕೇಳುತ್ತದೆ. ಇದು ನಿಮ್ಮ ಲಾಗಿನ್ ಪಾಸ್‌ವರ್ಡ್ ಅಲ್ಲ, ಮೊದಲ ರೀಸ್ಟಾರ್ಟ್‌ನಲ್ಲಿ ನೀಲಿ ಪರದೆ ಬಂದಾಗ 'ಎನ್‌ರೋಲ್ ಎಂಒಕೆ' ಆರಿಸಿ ಇದನ್ನೇ ಕೊಡಬೇಕು. ಮರೆಯಬೇಡಿ.

ಇನ್‌ಸ್ಟಾಲರ್‌ಗೆ ಡಿಸ್ಕೇ ಕಾಣದಿದ್ದರೆ, ಅಥವಾ 'ಆರ್‌ಎಸ್‌ಟಿ (ಡಿಸ್ಕ್ ನೋಡಿಕೊಳ್ಳುವ ಇಂಟೆಲ್ ವ್ಯವಸ್ಥೆ) ಆಫ್ ಮಾಡಿ' ಎಂದರೆ, ಬಯೋಸ್‌ನಲ್ಲಿ ಸಾಟಾ ಮೋಡ್ 'ಎಎಚ್‌ಸಿಐ' ಆಗಬೇಕು. ನೇರವಾಗಿ ಬದಲಾಯಿಸಿದರೆ ವಿಂಡೋಸ್ ಏಳುವುದಿಲ್ಲ. ಮೊದಲು ವಿಂಡೋಸ್‌ನ 'ಸಿಸ್ಟಮ್ ಕಾನ್ಫಿಗರೇಷನ್'ನಲ್ಲಿ ಬೂಟ್ ಟ್ಯಾಬ್‌ಗೆ ಹೋಗಿ 'ಸೇಫ್ ಬೂಟ್' ಟಿಕ್ ಮಾಡಿ, ರೀಸ್ಟಾರ್ಟ್ ಮಾಡುವಾಗ ಬಯೋಸ್‌ಗೆ ಹೋಗಿ ಎಎಚ್‌ಸಿಐ ಮಾಡಿ, ವಿಂಡೋಸ್ ಸೇಫ್ ಮೋಡ್‌ನಲ್ಲಿ ಒಮ್ಮೆ ಎದ್ದ ಮೇಲೆ ಆ ಟಿಕ್ ತೆಗೆಯಿರಿ.

ಈಗ ಬರುವುದೇ ಅಸಲಿ ಪುಟ, 'ಇನ್‌ಸ್ಟಲೇಷನ್ ಟೈಪ್'. ಮೂರು ಆಯ್ಕೆ ಕಾಣಬಹುದು. 'ಇರೇಸ್ ಡಿಸ್ಕ್' ಎಂದರೆ ವಿಂಡೋಸ್, ಡಿ ಡ್ರೈವ್, ಫೋಟೋ ಎಲ್ಲವೂ ಸ್ವಾಹಾ. ಆ ಕಡೆ ನೋಡಲೂ ಬೇಡಿ. 'ಇನ್‌ಸ್ಟಾಲ್ ಅಲಾಂಗ್‌ಸೈಡ್' ಎಂದರೆ ವಿಂಡೋಸ್ ಪಕ್ಕದಲ್ಲಿ ಹಾಕು ಎಂದು, ಕೆಲಸ ಇದರಿಂದಲೂ ಆಗುತ್ತದೆ, ಆದರೆ ಯಾವ ಜಾಗ ತೆಗೆದುಕೊಳ್ಳುತ್ತದೆ ಎಂಬುದು ಅದರ ಇಷ್ಟ. ನಾವು ಜಾಗ ಮಾಡಿಟ್ಟಿದ್ದೇವೆ, ಹಾಗಾಗಿ 'ಸಮ್‌ಥಿಂಗ್ ಎಲ್ಸ್' ಆರಿಸಿ.

ಪಾರ್ಟಿಷನ್ ಪಟ್ಟಿ ಬರುತ್ತದೆ. ಇಲ್ಲಿ ಸಿ, ಡಿ ಎಂಬ ಹೆಸರಿಲ್ಲ. ಡಿಸ್ಕ್‌ಗೆ ಎಸ್‌ಡಿಎ, ಎಸ್‌ಡಿಬಿ ಎಂದೂ, ಅದರ ಭಾಗಗಳಿಗೆ ಎಸ್‌ಡಿಎ1, ಎಸ್‌ಡಿಎ2 ಎಂದೂ ಇರುತ್ತದೆ. ಪೆನ್‌ಡ್ರೈವ್ ಕೂಡ ಇದೇ ಪಟ್ಟಿಯಲ್ಲಿ ಇರುತ್ತದೆ, ಹೆಸರು ನಂಬದೆ ಗಾತ್ರ ನೋಡಿ ಗುರುತಿಸಿ. ನೀವು ಖಾಲಿ ಮಾಡಿದ 'ಫ್ರೀ ಸ್ಪೇಸ್' ಸಾಲನ್ನು ಆರಿಸಿ, ಪ್ಲಸ್ ಗುರುತು ಒತ್ತಿ. ಗಾತ್ರ ಪೂರ್ತಿ ಇರಲಿ, 'ಯೂಸ್ ಆಸ್' ಎಂಬಲ್ಲಿ ಎಕ್ಸ್‌ಟಿ4 (ಲಿನಕ್ಸ್ ತನ್ನ ಫೈಲುಗಳನ್ನು ಜೋಡಿಸಿಡುವ ಪದ್ಧತಿ), 'ಮೌಂಟ್ ಪಾಯಿಂಟ್' ಎಂಬಲ್ಲಿ ಬರೀ ಒಂದು ಓರೆಗೆರೆ ( / ). ಆ ಗೆರೆಯೇ ಲಿನಕ್ಸ್‌ನ ಬೇರು, ಎಲ್ಲ ಫೋಲ್ಡರುಗಳೂ ಅದರ ಕೆಳಗೆ. ಸ್ವಾಪ್ (ವಿಂಡೋಸ್‌ನ ಪೇಜ್ ಫೈಲ್ ಇದ್ದ ಹಾಗೆ) ಪಾರ್ಟಿಷನ್ ಬೇರೆ ಮಾಡಬೇಕೇ ಎಂದು ತುಂಬಾ ಜನ ಕೇಳುತ್ತಾರೆ. ಬೇಡ, ಮಿಂಟ್ ತಾನೇ ಸ್ವಾಪ್ ಫೈಲ್ ಮಾಡಿಕೊಳ್ಳುತ್ತದೆ.

ಯುಇಎಫ್‌ಐ ಯಂತ್ರದಲ್ಲಿ 'ಇಎಫ್‌ಐ' ಎಂಬ 100 ಎಂಬಿ ಆಸುಪಾಸಿನ ಸಣ್ಣ ಪಾರ್ಟಿಷನ್ ಈಗಾಗಲೇ ಇರುತ್ತದೆ. ವಿಂಡೋಸ್ ಏಳುವುದು ಅದರಿಂದಲೇ, ಲಿನಕ್ಸೂ ಅದನ್ನೇ ಹಂಚಿಕೊಳ್ಳುತ್ತದೆ. ಅದರ ಮುಂದಿನ 'ಫಾರ್ಮ್ಯಾಟ್' ಚೌಕದಲ್ಲಿ ಟಿಕ್ ಇರಲೇಬಾರದು. ಕೆಳಗೆ 'ಡಿವೈಸ್ ಫಾರ್ ಬೂಟ್‌ಲೋಡರ್' ಎಂಬಲ್ಲಿ ಅಂಕಿ ಇಲ್ಲದ ಇಡೀ ಡಿಸ್ಕ್ ಆರಿಸಿ, ಪೆನ್‌ಡ್ರೈವ್ ಅಲ್ಲ. 'ಇನ್‌ಸ್ಟಾಲ್ ನೌ' ಒತ್ತಿದಾಗ ಯಾವ ಯಾವ ಪಾರ್ಟಿಷನ್ ಫಾರ್ಮ್ಯಾಟ್ ಆಗುತ್ತದೆ ಎಂದು ಒಂದು ಸಣ್ಣ ಪಟ್ಟಿ ತೋರಿಸುತ್ತದೆ. ಅದರಲ್ಲಿ ಎಕ್ಸ್‌ಟಿ4 ಒಂದೇ ಇರಬೇಕು. ಎನ್‌ಟಿಎಫ್‌ಎಸ್ ಎಂಬ ಪದ ಕಂಡರೆ ಹಿಂದಕ್ಕೆ ಬನ್ನಿ, ಅದು ನಿಮ್ಮ ವಿಂಡೋಸ್ ಡ್ರೈವ್.

ಮುಂದಿನದ್ದು ಸಲೀಸು. ಸಮಯ ವಲಯ ಕೋಲ್ಕತಾ, ಹೆಸರು, ಪಾಸ್‌ವರ್ಡ್. ಮುಗಿದ ಮೇಲೆ ಪೆನ್‌ಡ್ರೈವ್ ತೆಗೆದು ಎಂಟರ್ ಒತ್ತಿ.

8. ಆದ ಮೇಲೆ

ಗ್ರಬ್ ಎಂಬ ಪಟ್ಟಿ ಬರುತ್ತದೆ. ಮೇಲೆ ಮಿಂಟ್, ಕೆಳಗೆಲ್ಲೋ ವಿಂಡೋಸ್. ಎರಡನ್ನೂ ಒಂದೊಂದು ಸಲ ತೆರೆದು ನೋಡಿ. ಪಟ್ಟಿ ಬರದೆ ನೇರ ವಿಂಡೋಸ್‌ಗೇ ಹೋದರೆ ಬಯೋಸ್‌ನ ಬೂಟ್ ಕ್ರಮದಲ್ಲಿ 'ಉಬುಂಟು' ಎಂಬುದನ್ನು ಮೊದಲಿಗೆ ತನ್ನಿ. ಮಿಂಟ್ ಹಾಕಿ ಉಬುಂಟು ಯಾಕೆ ಅಂದರೆ, ಮಿಂಟ್ ಕಟ್ಟಿರುವುದು ಉಬುಂಟು ಮೇಲೆ, ಬಯೋಸ್‌ನಲ್ಲಿ ಅದರ ಹೆಸರೇ ಉಳಿದಿದೆ. ಕೆಲವು ಯಂತ್ರಗಳು ಈ ಕ್ರಮವನ್ನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಅಂಥವುಗಳಲ್ಲಿ ಬೂಟ್ ಮೆನು ಕೀ ಒತ್ತಿ ಆರಿಸುವುದೇ ಸರಿ.

ವಿಂಡೋಸ್‌ನಲ್ಲಿ ಗಡಿಯಾರ ಐದೂವರೆ ಗಂಟೆ ಹಿಂದೆ ಹೋದರೆ ಬಯೋಸ್ ಬ್ಯಾಟರಿ ಬದಲಾಯಿಸಲು ಓಡಬೇಡಿ. ಯಂತ್ರದೊಳಗಿನ ಗಡಿಯಾರವನ್ನು ಲಿನಕ್ಸ್ ಗ್ರೀನಿಚ್ ಸಮಯ ಎಂದು ಓದುತ್ತದೆ, ವಿಂಡೋಸ್ ಸ್ಥಳೀಯ ಸಮಯ ಎಂದು ಓದುತ್ತದೆ, ಜಗಳ ಅದು. ಮಿಂಟ್‌ನಲ್ಲಿ ಟರ್ಮಿನಲ್ (ಆಜ್ಞೆ ಟೈಪ್ ಮಾಡುವ ಕಿಟಕಿ) ತೆರೆದು ಇಂಗ್ಲಿಷ್ ಸಣ್ಣಕ್ಷರಗಳಲ್ಲಿ 'ಟೈಮ್‌ಡೇಟ್‌ಸಿಟಿಎಲ್' (ಕೊನೆಗೆ ಸಿ, ಟಿ, ಎಲ್ ಮೂರೇ ಅಕ್ಷರ, ನಡುವೆ ಜಾಗವಿಲ್ಲ), ಒಂದು ಸ್ಪೇಸ್, 'ಸೆಟ್-ಲೋಕಲ್-ಆರ್‌ಟಿಸಿ', ಇನ್ನೊಂದು ಸ್ಪೇಸ್, 1 ಎಂದು ಕೊಟ್ಟು ಎಂಟರ್ ಒತ್ತಿ. ನಡುವಿನ ಅಡ್ಡಗೆರೆಗಳು ಬೇಕು.

ಮಿಂಟ್‌ನಲ್ಲಿ ಮೊದಲು 'ಅಪ್‌ಡೇಟ್ ಮ್ಯಾನೇಜರ್', ಆಮೇಲೆ 'ಡ್ರೈವರ್ ಮ್ಯಾನೇಜರ್' ಓಡಿಸಿ. ಕನ್ನಡ ಟೈಪಿಂಗ್‌ಗೆ ಕೀಬೋರ್ಡ್ ಸೆಟ್ಟಿಂಗ್‌ನ ಲೇಔಟ್ ಟ್ಯಾಬ್‌ನಲ್ಲಿ 'ಯೂಸ್ ಸಿಸ್ಟಮ್ ಡೀಫಾಲ್ಟ್ಸ್' ಆಫ್ ಮಾಡಿ, 'ಕನ್ನಡ ಕಗಪ' ಸೇರಿಸಿ. ಇದು ಕನ್ನಡ ಗಣಕ ಪರಿಷತ್ತಿನ (ಕಗಪ) ವಿನ್ಯಾಸ, ನುಡಿಯಲ್ಲಿ ಟೈಪ್ ಮಾಡಿದವರಿಗೆ ಬೆರಳು ತಾನೇ ಓಡುತ್ತದೆ. ಆದರೆ ನುಡಿಯ ಹಳೇ ಫಾಂಟ್‌ಗಳಲ್ಲಿ ಮಾಡಿದ, ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಸಂಕೇತ) ಅಲ್ಲದ ಫೈಲುಗಳು ಇಲ್ಲಿ ಚಿತ್ರವಿಚಿತ್ರ ಅಕ್ಷರಗಳಾಗಿ ಕಾಣುತ್ತವೆ. ವಿಂಡೋಸ್‌ಗೆ ಹೋಗಿ ನುಡಿಯ ಪರಿವರ್ತಕದಲ್ಲಿ ಯೂನಿಕೋಡ್‌ಗೆ ಬದಲಾಯಿಸಿಟ್ಟುಕೊಳ್ಳಿ.

ಎರಡೂ ಕಡೆ ಬೇಕಾದ ಫೈಲುಗಳನ್ನು ಡಿ ಡ್ರೈವ್‌ನಲ್ಲಿಡಿ. ವಿಂಡೋಸ್ ಡ್ರೈವುಗಳನ್ನು ಮಿಂಟ್ ಓದುತ್ತದೆ, ಬರೆಯುತ್ತದೆ. ಮಿಂಟ್‌ನ ಪಾರ್ಟಿಷನ್ ವಿಂಡೋಸ್‌ಗೆ ಅರ್ಥವಾಗುವುದಿಲ್ಲ. ವಿಂಡೋಸ್ ಒಳಗಿಂದ 'ಈ ಡಿಸ್ಕ್ ಫಾರ್ಮ್ಯಾಟ್ ಮಾಡಬೇಕು' ಎಂದು ಕೇಳಿದರೆ ಕ್ಯಾನ್ಸಲ್ ಒತ್ತಿ. ಇನ್ನು ಬ್ಯಾಂಕ್, ಇಮೇಲ್, ಆನ್‌ಲೈನ್ ಪಾವತಿ ಎಲ್ಲ ಮಿಂಟ್‌ನಲ್ಲೇ ಮಾಡಿ. ಭದ್ರತಾ ಅಪ್‌ಡೇಟ್ ನಿಂತ ವಿಂಡೋಸ್ ಟ್ಯಾಲಿಗೆ, ನುಡಿಗೆ, ಹಟಮಾರಿ ಪ್ರಿಂಟರ್‌ಗೆ ಇರಲಿ, ಆದಷ್ಟು ಇಂಟರ್ನೆಟ್ ಇಲ್ಲದೆ.

ಲಿನಕ್ಸ್ ಬೇಡ ಅನ್ನಿಸಿದರೆ

ವಿಂಡೋಸ್‌ನಿಂದ ಲಿನಕ್ಸ್ ಪಾರ್ಟಿಷನ್ ಮೊದಲು ಅಳಿಸಬೇಡಿ. ಲೆಗಸಿ ಯಂತ್ರದಲ್ಲಿ ಹಾಗೆ ಮಾಡಿದರೆ ಮುಂದಿನ ಸಲ ಕಪ್ಪು ಪರದೆಯಲ್ಲಿ 'ಗ್ರಬ್ ರೆಸ್ಕ್ಯೂ' ಎಂದು ನಿಲ್ಲುತ್ತದೆ, ವಿಂಡೋಸೂ ಬರುವುದಿಲ್ಲ. ಮೊದಲು ವಿಂಡೋಸ್ ಇನ್‌ಸ್ಟಾಲ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, 'ರಿಪೇರ್' ಒಳಗಿನ ಕಮಾಂಡ್ ಪ್ರಾಂಪ್ಟ್‌ನಲ್ಲಿ 'ಬೂಟ್‌ರೆಕ್ /ಫಿಕ್ಸ್‌ಎಂಬಿಆರ್' ಎಂಬ ಆಜ್ಞೆ ಕೊಡಿ (ಇದೂ ಇಂಗ್ಲಿಷ್ ಅಕ್ಷರಗಳಲ್ಲೇ). ವಿಂಡೋಸ್ ತಾನಾಗಿ ಎದ್ದಿತು ಎಂದು ಖಾತ್ರಿಯಾದ ಮೇಲೆ ಪಾರ್ಟಿಷನ್ ಅಳಿಸಿ. ಯುಇಎಫ್‌ಐ ಯಂತ್ರದಲ್ಲಿ ಇಷ್ಟು ರಗಳೆ ಇಲ್ಲ, ಬಯೋಸ್‌ನಲ್ಲಿ 'ವಿಂಡೋಸ್ ಬೂಟ್ ಮ್ಯಾನೇಜರ್' ಮೊದಲಿಗೆ ತಂದು ಆಮೇಲೆ ಅಳಿಸಬಹುದು. ಸಿಕ್ಕ ಜಾಗ ಸಿ ಡ್ರೈವ್‌ನ ಬಲಕ್ಕೆ ಅಂಟಿಕೊಂಡೇ ಇದ್ದರೆ 'ಎಕ್ಸ್‌ಟೆಂಡ್ ವಾಲ್ಯೂಮ್' ಒತ್ತಿ ಸಿಗೆ ಸೇರಿಸಿಕೊಳ್ಳಿ. ನಡುವೆ ರಿಕವರಿ ಪಾರ್ಟಿಷನ್ ಇದ್ದರೆ ಆ ಆಯ್ಕೆ ಮಸುಕಾಗಿರುತ್ತದೆ, ಆಗ ಅದನ್ನು ಬೇರೆ ಡ್ರೈವ್ ಆಗಿಯೇ ಬಳಸಿ.